ಕಳಕವ್ವನ ಪುಡಿ

ಗಂಗಾವತಿಯ ಕಿರಾಣಿ ಈಶಪ್ಪನ ಮನೆಯಲ್ಲಿ ಆ ವರ್ಷ ಒಂದು ತುತ್ತಾದರೂ ಸಮಾಧಾನದಿಂದ ಗಂಟಲಿಗೆ ಇಳಿದಿದ್ದರೆ ಕೇಳಿ! ತಾಟು ಮುಂದೆ ಬಂತೋ ಇಲ್ಲವೋ, ಮಾತಿಗೆ ಮಾತು ಹತ್ತಿಕೊಳ್ಳುತ್ತಿತ್ತು. ಯುದ್ಧ ನಡೆದಿದ್ದು ಎಲ್ಲೋ ಸಮುದ್ರದ ಆಚೆ. ಅದರ ಬಿಸಿ ಮಾತ್ರ ಈ ಮನೆಯ ಅಡುಗೆಮನೆಗೇ ಬಂದು ತಟ್ಟಿತ್ತು. ಸಕ್ಕರೆಗೆ ಚೀಟಿ, ಸೀಮೆಎಣ್ಣೆಗೆ ಚೀಟಿ, ಬೆಳೆದ ಜೋಳಕ್ಕೆ ಸರಕಾರದ ಲೆವಿ. ಅಂಗಡಿಯಲ್ಲಿ ಮಾರಲು ಮಾಲಿಲ್ಲ, ಮಾಲು ಬಂದ ದಿನ ಕೊಳ್ಳುವವರ ಕೈಯಲ್ಲಿ ದುಡ್ಡಿಲ್ಲ. ಮಗ ಉಮಾಪತಿ ದಿನವೆಲ್ಲ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತು, ಆ ಸಿಟ್ಟನ್ನೆಲ್ಲ ಗಂಟು ಕಟ್ಟಿಕೊಂಡು ಬಂದು ಊಟದ ಹೊತ್ತಿಗೆ ಬಿಚ್ಚುತ್ತಿದ್ದ.

"ಯವ್ವಾ, ಇವತ್ತೂ ಆ ಗಡಿಗಿಗೆ ಹಾಕಿದೇನು?"

"ಹಾಕದ ಬಿಡ್ತೀನೇನ? ದಿನಾ ಹಾಕ್ತೀನಿ, ಇವತ್ತೂ ಹಾಕೀನಿ" ಎಂದಳು ತಾಯಿ ಕಳಕಮ್ಮ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

"ನಮ್ಮ ಕಣಜದ ತಳಾ ಕಾಣಾಕತ್ತೇತಿ. ನೀ ಊರ ಮಂದಿಗೆ ಹಿಡಿ ಹಿಡಿ ಎತ್ತಿಡು."

"ನಿನ್ನ ತಾಟಿನ್ಯಾಗಿಂದೇನ ಎತ್ತಿಲ್ಲ ತಗೋ. ನನ್ನ ಪಾಲಿನ ರೊಟ್ಟಿ ಸಣ್ಣದು ಮಾಡ್ಕೊಂಡೀನಿ. ಸುಮ್ಕ ಉಣ್ಣು."

ಗಡಿಗೆಯ ಸಂಗತಿ ಇಷ್ಟು. ಬೀಸಲು ಕೂರುವ ಮುಂಚೆ ಜೋಳದಲ್ಲಿ ಒಂದು ಹಿಡಿ ಮಠಕ್ಕೆಂದು ತೆಗೆದಿಡುವುದು ಆ ಓಣಿಯ ಹೆಂಗಸರ ಹಳೆಯ ಪದ್ಧತಿ. ಕಳಕಮ್ಮ ಅದಕ್ಕೆ ಇನ್ನೊಂದು ಹಿಡಿ ಸೇರಿಸಿದ್ದಳು. "ಒಂದು ಹಿಡಿ ಅಯ್ಯನವರಿಗೆ, ಒಂದು ಹಿಡಿ ಜ್ವರದವರಿಗೆ" ಎಂದು ಮನೆಮನೆಯ ಹೊಸ್ತಿಲಿಗೆ ಹೋಗಿ ಕೇಳಿಕೊಂಡು ಬಂದಿದ್ದಳು. ಮೊದಲು ನಕ್ಕರು, ಆಮೇಲೆ ಕೊಟ್ಟರು. ಕೂಡಿದ ಜೋಳ ಸಂತೆಯಲ್ಲಿ ಮಾರಾಟವಾಗುತ್ತಿತ್ತು. ಉಮಾಪತಿ ಅಂಗಡಿಯ ಮಾಲಿಗೆಂದು ಹರಗೋಲಿನಲ್ಲಿ ಹೊಳೆ ದಾಟಿ ಹೊಸಪೇಟೆಗೆ ಹೋದಾಗ ಆ ದುಡ್ಡಿಗೆ ಕ್ವಿನೈನ್ ಪುಡಿ ತರುತ್ತಿದ್ದ.

ಪಕ್ಕದ ಮರಳಿ ಎಂಬ ಊರಿನ ಗದ್ದೆಗಳಿಗೆ ನಾಟಿ ಹಚ್ಚಲು ಹೋಗುವ ಕೂಲಿಯವರಿಗೆ ಚಳಿಜ್ವರ ತಪ್ಪಿದ್ದಲ್ಲ. ಬಂದು ಹೋಗುವ ಜ್ವರವೂ ಅದಲ್ಲ. ಹೋದಂತೆ ಮಾಡಿ ಮತ್ತೆ ಬರುತ್ತದೆ, ವರ್ಷಗಟ್ಟಲೆ ಬರುತ್ತದೆ, ಪಕ್ಕೆಲುಬಿನ ಕೆಳಗೆ ಜ್ವರಗಡ್ಡೆ ಕಟ್ಟಿ ಹೊಟ್ಟೆ ಮುಂದೆ ಬರುತ್ತದೆ, ಕೈಕಾಲು ಕಡ್ಡಿಯಾಗುತ್ತವೆ. ಇದಕ್ಕೆ ಇದ್ದ ಮದ್ದು ಕ್ವಿನೈನ್ ಒಂದೇ. ಅದನ್ನು ತೆಗೆಯುವ ಮರದ ತೊಗಟೆ ಬರುತ್ತಿದ್ದ ದ್ವೀಪವನ್ನೇ ಜಪಾನಿನವರು ಹಿಡಿದುಕೊಂಡ ಮೇಲೆ ದವಾಖಾನೆಯ ಕಂಪೌಂಡರ್ ಕೈ ಅಲ್ಲಾಡಿಸತೊಡಗಿದ. ಪೇಟೆಯಲ್ಲಿ ಅದರ ಕಿಮ್ಮತ್ತು ಕೇಳಿ ಉಳ್ಳವರೇ ಹಣೆ ಹಣೆ ಬಡಿದುಕೊಂಡರು. ಕೂಲಿಯವರ ಮಾತು ಬಿಡಿ.

ಹಾಗಾಗಿ ಸಂತೆಯ ಮರುದಿನ ಕಳಕಮ್ಮನ ಅಂಗಳದಲ್ಲಿ ಜ್ವರದವರು ಕೂಡುತ್ತಿದ್ದರು. ಅಕ್ಕಸಾಲಿಗನಿಂದ ತಂದ ಪುಟ್ಟ ತಕ್ಕಡಿ ಹಿಡಿದು, ಗುಲಗಂಜಿ ಹಾಕಿ ಪುಡಿ ತೂಗಿ, ಕಾಗದದಲ್ಲಿ ಪುಡಿಕೆ ಕಟ್ಟಿ ಅವಳೇ ಕೊಡುತ್ತಿದ್ದಳು. ತಕ್ಕಡಿ ಹಿಡಿದಾಗ ಅವಳ ಮುಖ ನೋಡಬೇಕಿತ್ತು; ತಹಸೀಲ್ದಾರನ ಗತ್ತು ಇರುತ್ತಿತ್ತು. ಊರಲ್ಲಿ ಅದಕ್ಕೆ 'ಕಳಕವ್ವನ ಪುಡಿ' ಎಂದೇ ಹೆಸರು ಬಿದ್ದಿತ್ತು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಒಳಗೊಳಗೇ ಹಿಗ್ಗು. ಇರಲಿ ಬಿಡಿ, ಒಳ್ಳೆಯ ಕೆಲಸ ಮಾಡುವವರಿಗೆ ಅಷ್ಟೂ ಬೇಡವೇ?

ಬರುವವರಲ್ಲಿ ಹುಲಗೆಮ್ಮ ಎಂದರೆ ಕಳಕಮ್ಮನಿಗೆ ಒಂದು ಹಿಡಿ ಹೆಚ್ಚಿನ ಕಕ್ಕುಲಾತಿ. ಇದೇ ಮನೆಗೆ ಜೋಳ ಹಸನು ಮಾಡಲು ಬರುತ್ತಿದ್ದವಳು. ಗಂಡ ಗ್ಯಾನಪ್ಪ ಕೂಲಿಯವ, ಐದು ವರ್ಷದ ಮಗಳು ಮಾರೆವ್ವ. ತಾಯಿಗೂ ಮಗಳಿಗೂ ಒಂದೇ ಜ್ವರ.

ಮೊದಲ ಸಲ ಪುಡಿ ಕುಡಿದು ಹುಲಗೆಮ್ಮ ಗಾಬರಿಯಾಗಿ ಓಡಿ ಬಂದಿದ್ದಳು.

"ಅವ್ವಾರ, ಕಿವ್ಯಾಗ ಒಂದ ಸವನ ಗುಂಯ್ ಅನ್ನಾಕತ್ತೇತ್ರಿ. ನೀವು ಮಾತಾಡೂದು ಬಾವಿಯಾಗಿಂದ ಕೇಳಿದಂಗ ಆಗ್ತೈತಿ. ಪುಡಿ ಮೈಗೆ ಹೊಂದವಲ್ದೇನ?"

ಕಳಕಮ್ಮನಿಗೇನು ಗೊತ್ತು? ಆದರೂ ಗೊತ್ತಿದ್ದವಳ ಹಾಗೆ ಹೇಳಿದಳು. "ಹೊಸಾ ಔಷಧ ಐತಲ್ಲ, ಮೈಕೂಡ ಜಗಳಾ ತಗದೈತಿ. ಹೊಂದೂತನಾ ಹಂಗ. ನೀ ಕುಡಿ."

ಕುಡಿದಳು. ಜ್ವರ ಬಿಟ್ಟಿತು. ಮಗಳಿಗೂ ಬಿಟ್ಟಿತು. ಆ ಬೇಸಿಗೆಯಲ್ಲಿ ಹುಲಗೆಮ್ಮ ಮೊರ ಹಿಡಿದು ಜೋಳ ಕೇರುವಾಗ ಮಾರೆವ್ವ ಅಂಗಳದ ತುಂಬ ಓಡಾಡಿ ಕಾಳು ಹೆಕ್ಕುವ ಕೋಳಿಗಳನ್ನು ಅಟ್ಟುತ್ತಿದ್ದಳು.

ಯುಗಾದಿ ಕಳೆದ ಮೇಲೆ ಹೊಸ ಪುಡಿ ಬಂತು. ಹುಲಗೆಮ್ಮ ಕುಡಿದಳು. ಮರುದಿನ ನಗುತ್ತ ಬಂದಳು.

"ಅವ್ವಾರ, ಈ ಸಲ ಕಿವಿ ಗುಂಯ್ ಅನ್ನಲೇ ಇಲ್ರಿ!"

"ನೋಡಿದೇನ! ನಾ ಅಂದಿದ್ದಿಲ್ಲೇನ? ಈಗ ಮೈಗೆ ಹೊಂದಿತು. ಇನ್ನ ಮಗಳಿಗೂ ನಿನ್ನ ಪುಡಿಕಿಯೊಳಗ ಪಾಲು ಮಾಡಿ ಕೊಡ್ಕೋತ ಹೋಗು" ಎಂದು ಹೇಳಿ ಕಳಕಮ್ಮ ಅಂಗಳದಲ್ಲಿದ್ದವರಿಗೆಲ್ಲ ಕೇಳಲೆಂದು ದನಿ ಏರಿಸಿದಳು. "ಯಾರಿಗೆ ಕಿವಿ ಗುಂಯ್ ಅಂತೈತಿ ಅವರಿಗಿನ್ನೂ ಹೊಂದಿಲ್ಲ, ಯಾರಿಗೆ ಅನ್ನಂಗಿಲ್ಲ ಅವರಿಗೆ ಹೊಂದೇತಿ. ತಿಳೀತಿಲ್ಲೋ?"

ಎಲ್ಲರೂ ತಿಳಿಯಿತು ಎಂದರು. ಆ ಸಲ ಯಾರ ಕಿವಿಯೂ ಗುಂಯ್ ಅಂದಿರಲಿಲ್ಲ. ಎಲ್ಲರ ಮೈಗೂ ಒಂದೇ ಸಲಕ್ಕೆ ಔಷಧ ಹೊಂದಿಬಿಟ್ಟಿತೆಂದು ಕಳಕಮ್ಮ ಅಂದು ಶಿವನಿಗೆ ಎರಡು ಊದುಬತ್ತಿ ಹೆಚ್ಚಿಗೆ ಹಚ್ಚಿದಳು.

ಅದೇ ಸುಮಾರಿಗೆ ಮನೆಯ ಊಟದ ಜಗಳವೂ ನಿಂತಿತು. ಉಮಾಪತಿ ಗಡಿಗೆಯ ಮಾತೆತ್ತುವುದನ್ನು ಬಿಟ್ಟ. ಬಿಟ್ಟಿದ್ದಷ್ಟೇ ಅಲ್ಲ, ಒಂದು ದಿನ ತಾನಾಗಿ, "ಹಾಕ ಬೇ ಯವ್ವಾ, ಇನ್ನೊಂದು ಹಿಡಿ ಹಾಕು. ಬಡವರು ಬದುಕಲಿ" ಎಂದ. ಕಳಕಮ್ಮನ ಕಣ್ಣಲ್ಲಿ ನೀರು ಬಂತು. ಬಿಸಿ ರೊಟ್ಟಿಯ ಮೇಲೆ ತುಪ್ಪ ಕಾಣಿಸಿತು. ಸೊಸೆ ಪಂಪಮ್ಮನಿಗೆ ಇಳಕಲ್ಲ ಸೀರೆ ಬಂತು. ಸೋರುತ್ತಿದ್ದ ಮಾಳಿಗೆಗೆ ಹೊಸ ಮಣ್ಣು ಬಿತ್ತು.

"ಎಲ್ಲಿದೋ ಇಷ್ಟು?" ಎಂದು ಕೇಳಿದಳು ಒಮ್ಮೆ.

"ಹತ್ತಿಕಾಳಿನ ದಲಾಲಿ ಹಿಡದೀನಿ. ಛಲೋ ನಡದೈತಿ."

"ಬಡವರ ಪುಣ್ಯಾ ಕೈ ಹಿಡೀತು ನೋಡು" ಎಂದಳು ತಾಯಿ.

ಉಮಾಪತಿ ತಲೆ ಎತ್ತದೆ ರೊಟ್ಟಿ ಮುರಿದ. ಪಂಪಮ್ಮ ನೀರು ತರಲು ಎದ್ದು ಹೋದಳು. ಕಳಕಮ್ಮನ ಗಂಡ ಈಶಪ್ಪ ಬಾಯಲ್ಲಿದ್ದ ತುತ್ತನ್ನು ಬಹಳ ಹೊತ್ತು ಅಗಿದ. ವಯಸ್ಸಾಯಿತು, ಹಲ್ಲು ಹೋದವು ಪಾಪ ಎಂದುಕೊಂಡು ಕಳಕಮ್ಮ ಅವನಿಗೆ ಇನ್ನಷ್ಟು ತುಪ್ಪ ಬಡಿಸಿದಳು.

ಮುಂಗಾರು ಬಿದ್ದಿತು. ಮರಳಿಯಲ್ಲಿ ಕಾಲುವೆಗೆ ನೀರು ಬಿಟ್ಟರು, ನಾಟಿ ಶುರುವಾಯಿತು, ಜ್ವರವೂ ಶುರುವಾಯಿತು. ಹುಲಗೆಮ್ಮ ಮೂರು ದಿನ ಕೆಲಸಕ್ಕೆ ಬಂದರೆ ನಾಲ್ಕು ದಿನ ಮಲಗಿದಳು. ಮಾರೆವ್ವನ ಹೊಟ್ಟೆ ಗಟ್ಟಿಯಾಗಿ ಉಬ್ಬಿತು. ಕೌದಿ ಹೊಲಿಯುವ ಇಮಾಮಬಾನುವಿನ ಕೈ ನಡುಗಿ ಸೂಜಿಗೆ ದಾರ ಪೋಣಿಸಲು ಬರದಂತಾಯಿತು. ಕಳಕಮ್ಮ ಪುಡಿಕೆಯ ತೂಕ ಹೆಚ್ಚಿಸಿದಳು. ಜ್ವರ ಕೇಳಲಿಲ್ಲ.

ಆಗಲೇ ಊರ ಹೊರಗೆ ಸರಕಾರದವರು ಡೇರೆ ಹೊಡೆದರು. ಮಿಲಿಟರಿಯವರಿಗೆ ಕೊಡುವ ಹಳದಿ ಗುಳಿಗೆಯನ್ನು ಬಡವರಿಗೂ ಪುಕ್ಕಟೆ ಕೊಡುತ್ತಾರೆಂದು ಡಂಗುರ ಹೊಡೆಸಿದರು. ಅದನ್ನು ನುಂಗಿದರೆ ಮೈಯೆಲ್ಲ ಅರಿಸಿನ ಬಳಿದ ಹಾಗೆ ಹಳದಿಯಾಗುತ್ತದೆ, ಗಂಡಸರಿಗೆ ಮಕ್ಕಳಾಗುವುದಿಲ್ಲ, ಹೀಗೆ ಊರ ತುಂಬ ನೂರೆಂಟು ಸುದ್ದಿ. ಜನ ಹೋಗಲೋ ಬೇಡವೋ ಎಂದು ಊರ ಅಗಸಿಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಪುಡಿ ಕೊಡುವ ದಿನ ಅಂಗಳದಲ್ಲಿ ಇಮಾಮಬಾನು ಎದ್ದು ನಿಂತಳು. ನಿಷ್ಠುರದ ಹೆಂಗಸು, ಮನಸ್ಸಿನಲ್ಲಿದ್ದುದನ್ನು ಬಾಯಿಗೆ ತರದೆ ಬಿಡುವವಳಲ್ಲ.

"ಸಿಟ್ಟಾಗಬ್ಯಾಡ್ರಿ ಕಳಕವ್ವಾರ. ಈ ಪುಡಿಯಾಗ ಮೊದಲಿನ ಕಸುವಿಲ್ಲ. ಎಲ್ಲೋ ಖೋಟಾ ಮಾಲು ಕೊಟ್ಟಾರ ನಿಮ್ಮ ಮಗಗ. ನಾ ಡೇರೆಕ್ಕ ಹೋಗ್ತೀನಿ."

ಗ್ಯಾನಪ್ಪನೂ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದ. "ನಂದೂ ಅದ ವಿಚಾರ ಐತ್ರಿ ಅವ್ವಾರ. ಇಬ್ಬರನ್ನೂ ಕರಕೊಂಡು ಹೋಗಿ ಬರ್ತೀನಿ. ತಪ್ಪ ತಿಳೀಬ್ಯಾಡ್ರಿ."

ಖೋಟಾ! ಆ ಒಂದು ಮಾತು ಕಳಕಮ್ಮನ ನೆತ್ತಿಗೇರಿತು. ಮನೆಮನೆಯ ಹೊಸ್ತಿಲು ತುಳಿದು ಕೂಡಿಸಿದ ಜೋಳ, ಸಣ್ಣದು ಮಾಡಿಕೊಂಡ ರೊಟ್ಟಿ, ಮಳೆಗಾಲದ ಹೊಳೆಯನ್ನು ಹರಗೋಲಿನಲ್ಲಿ ದಾಟಿ ಬಂದ ಮಗ, ಇಷ್ಟಕ್ಕೂ ಸೇರಿ ಖೋಟಾ ಅನ್ನುತ್ತಾರೆಯೇ?

"ಖೋಟಾ ಅಂದ್ಯಾ ಇಮಾಮಬಾನು? ನನ್ನ ಮಗನ ಕೈ ಖೋಟಾ ಅಂದ್ಯಾ?"

ತಕ್ಕಡಿ ಕೆಳಗಿಟ್ಟಳು. ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡಳು. ಲಿಂಗ ಕೈಯಲ್ಲಿ ಹಿಡಿದು ಮಾತಾಡುವುದು ಸಣ್ಣ ಸಂಗತಿಯಲ್ಲ. ಆ ಮನೆತನದಲ್ಲಿ ಹೊಲದ ವ್ಯಾಜ್ಯಕ್ಕೂ ಯಾರೂ ಹಾಗೆ ಮಾಡಿದ್ದಿಲ್ಲ. ಬಾಗಿಲಲ್ಲಿ ಉಮಾಪತಿ ನಿಂತಿದ್ದ. ಅವನ ಹಿಂದೆ ಪಂಪಮ್ಮ. ಕಟ್ಟೆಯ ಮೇಲೆ ಈಶಪ್ಪ. ಮೂವರೂ ನೋಡುತ್ತಿದ್ದರು.

"ಈ ಪುಡಿ ಖರೇ. ನನ್ನ ಮಗ ತಂದದ್ದು ಖರೇ. ಸುಳ್ಳಾಗಿದ್ರ ಈ ಲಿಂಗ ನನ್ನ ಎದಿ ಮ್ಯಾಲ ಇರಬಾರದು."

ಈಶಪ್ಪ ಕೆಮ್ಮಿದ. ಮತ್ತೇನೂ ಇಲ್ಲ.

ಹುಲಗೆಮ್ಮ ಅಳುತ್ತ ಮುಂದೆ ಬಂದು ಸೆರಗೊಡ್ಡಿ ಪುಡಿಕೆ ತೆಗೆದುಕೊಂಡಳು. "ನಾ ಡೇರೆಕ್ಕ ಬರಂಗಿಲ್ಲ" ಎಂದಳು ಗಂಡನಿಗೆ. "ಅವ್ವಾರು ಲಿಂಗಾ ಹಿಡದು ಹೇಳ್ಯಾರ. ನಾ ಹೋದ್ರ ಅವರ ಮಾತಿಗೆ ಏನ ಕಿಮ್ಮತ್ತು ಉಳೀತು?" ಗ್ಯಾನಪ್ಪ ಮಗಳನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. ಕಡೆಗೆ ಅವನೂ ಮನೆಯ ದಾರಿ ಹಿಡಿದ.

ಇಮಾಮಬಾನು ಒಬ್ಬಳೇ ಡೇರೆಗೆ ಹೋದಳು. ಮೈ ಕೊಂಚ ಹಳದಿಯಾಯಿತು, ಜ್ವರ ಬಿಟ್ಟಿತು. ಅಷ್ಟರಲ್ಲಿ ಡೇರೆಯವರು ಗಂಟುಮೂಟೆ ಕಟ್ಟಿ ಕುಷ್ಟಗಿಯ ಕಡೆಗೆ ಹೋಗಿಬಿಟ್ಟಿದ್ದರು. ಕಳಕಮ್ಮ ಅವಳನ್ನು ಮಾತಾಡಿಸಲಿಲ್ಲ. ಅವಳು ಸಾಲಾಗಿ ಕೌದಿಗಳನ್ನು ಹೊಲಿಯುತ್ತಿದ್ದಾಳೆಂದು ಯಾರೋ ಹೇಳಿದಾಗ, "ಹೊಲೀಲಿ ಬಿಡು, ಅಕಿ ಸುದ್ದಿ ನನ್ನ ಮುಂದ ಬ್ಯಾಡ" ಎಂದಳು.

ಆಷಾಢ ಮುಗಿಯುವ ಮೊದಲೇ ಮಾರೆವ್ವ ತೀರಿಕೊಂಡಳು.

ಕಳಕಮ್ಮ ಕೇರಿಗೆ ಹೋಗಿ ಹುಲಗೆಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. "ನಾವು ಮಾಡೂದೆಲ್ಲಾ ಮಾಡಿದ್ವಿ ಹುಲಗೆವ್ವ. ಔಷಧ ಕೊಟ್ವಿ. ಶಿವನ ಮನಸಿನ್ಯಾಗ ಬ್ಯಾರೇ ಇತ್ತು" ಎಂದಳು. ಹುಲಗೆಮ್ಮ, "ಹೌದ್ರಿ ಅವ್ವಾರ, ನಿಮ್ಮ ಋಣಾ ತೀರಂಗಿಲ್ಲ" ಎಂದಳು. ಮಗಳನ್ನು ಕಳೆದುಕೊಂಡವಳು ಹಾಗೆಂದಳು!

ಮನೆಗೆ ಬಂದು ಕಳಕಮ್ಮ ಸುದ್ದಿ ಹೇಳಿದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಉಮಾಪತಿ ಅರ್ಧ ರೊಟ್ಟಿಗೆ ಕೈ ತೊಳೆದುಕೊಂಡು ಎದ್ದ. ಪಂಪಮ್ಮ ಒಲೆಯ ಮುಂದೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಇಷ್ಟು ಕರುಣೆ ಇರುವ ಮಗ, ಇಷ್ಟು ಮೆತ್ತನೆಯ ಸೊಸೆ ಸಿಕ್ಕಿದ್ದು ತನ್ನ ಪುಣ್ಯವೆಂದು ಕಳಕಮ್ಮ ಆ ದುಃಖದಲ್ಲೂ ಅಂದುಕೊಂಡಳು.

ಶ್ರಾವಣದಲ್ಲಿ ಅವಳಿಗೇ ಚಳಿಜ್ವರ ಬಂತು. ಅಲ್ಲಿಯವರೆಗೆ ಆ ಜ್ವರ ಅವಳ ಮೈ ಮುಟ್ಟಿದ್ದಿಲ್ಲ. ಮನೆಯ ಕೌದಿಗಳನ್ನೆಲ್ಲ ಹೊದಿಸಿದರೂ ಹಲ್ಲು ಕಟಕಟ ಅಂದವು. ಉಮಾಪತಿ ಅಂಗಡಿ ಮುಚ್ಚಿ ಓಡಿ ಬಂದ. ಪಂಪಮ್ಮ ಪುಡಿ ಕದಡಿ ತಂದಳು, ತಲೆ ಎತ್ತಿ ಹಿಡಿದು ಕುಡಿಸಿದಳು. ಹಾಳಾದ್ದು, ಅದರ ಕಹಿ! ಮರುದಿನ ಎರಡು ಸಲ ಕುಡಿಸಿದರು.

ಜ್ವರ ಇಳಿಯುತ್ತ ಬಂತು. ಆದರೆ ಕಳಕಮ್ಮನ ಕಿವಿಯಲ್ಲಿ ಏನೋ ಸದ್ದು.

"ಪಂಪವ್ವ, ಬಾಜೂ ಮನ್ಯಾಗ ಈ ಹೊತ್ತಿನ್ಯಾಗ ಯಾರು ಬೀಸಾಕತ್ತಾರ?"

"ಯಾರೂ ಬೀಸವಲ್ರು ಅತ್ತಿ."

"ಮತ್ತ ಈ ಗುಂಯ್ ಅನ್ನೂದು?"

ಪಂಪಮ್ಮ ಲೋಟ ಎತ್ತಿಕೊಳ್ಳುತ್ತ ಏನೋ ಅಂದಳು. ಅದು ಬಾವಿಯಿಂದ ಕೇಳಿದ ಹಾಗೆ ಕೇಳಿತು. ಬಾವಿಯಿಂದ! ಈ ಮಾತನ್ನು ಯಾರೋ ಅಂದಿದ್ದರಲ್ಲ? ಕಳಕಮ್ಮ ಮಲಗಿದಲ್ಲೇ ನೆನಪು ಮಾಡಿಕೊಂಡಳು. ಹುಲಗೆಮ್ಮ ಅಂದಿದ್ದಳು, ಮೊದಲ ಪುಡಿ ಕುಡಿದ ದಿನ. ಇಮಾಮಬಾನುವೂ ಆಗ ಅಂದಿದ್ದಳು. ಆಮೇಲೆ ಯಾರೂ ಅನ್ನಲಿಲ್ಲ. ಜ್ವರ ಮಾತ್ರ ಎಲ್ಲರಿಗೂ ತಿರುಗಿ ಬಂತು.

ಕೌದಿ ಸರಿಸಿ ಎದ್ದು ಕೂತು ಕರೆದಳು.

"ಪಂಪವ್ವ, ಈಗ ನನ್ನ ಡಬ್ಬಿಯೊಳಗಿನ ಪುಡಿ ತೂಗಿ ತಾ. ಮಂದಿಗೆ ಕೊಡ್ತೀನಲ್ಲ, ಆ ಡಬ್ಬಿ."

"ಕುಡಸಿದ್ದು ಅದನ್ನ ಅತ್ತಿ."

"ಅದ ಆಗಿದ್ರ ಛಲೋನ ಆತು. ನನ್ನ ಕಣ್ಣ ಮುಂದ ತೂಗು. ಇವತ್ತಿನಿಂದ ನಾ ಅದರಾಗಿಂದನ ಕುಡೀತೀನಿ."

ಪಂಪಮ್ಮ ಡಬ್ಬಿ ತಂದಳು. ಪುಡಿ ತೂಗಿದಳು, ಲೋಟದಲ್ಲಿ ಕದಡಿದಳು. ಕಳಕಮ್ಮ ಲೋಟ ತುಟಿಯವರೆಗೆ ಒಯ್ದಾಗ ಪಂಪಮ್ಮ ಅದನ್ನು ಕಸಿದುಕೊಂಡು ಅಂಗಳಕ್ಕೆ ಚೆಲ್ಲಿ, ಅತ್ತೆಯ ಕಾಲಿನ ಮೇಲೆ ಬಿದ್ದಳು.

"ಬ್ಯಾಡ್ರಿ ಅತ್ತಿ! ಅದರಾಗ ಏನೂ ಇಲ್ಲ. ಅಕ್ಕಿಹಿಟ್ಟು ಐತಿ. ನಾನ ಜರಡಿ ಹಿಡದು ಕೂಡಿಸೀನಿ. ನೀವು ಸಾಯ್ತೀರಿ, ಬ್ಯಾಡ್ರಿ!"

ಮಧ್ಯಾಹ್ನ ಉಮಾಪತಿ ಊಟಕ್ಕೆ ಬಂದ. ಈಶಪ್ಪನೂ ಕಟ್ಟೆಯಿಂದ ಎದ್ದು ಬಂದು ಮಣೆಯ ಮೇಲೆ ಕೂತ. ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ, ತುಪ್ಪ. ಕಳಕಮ್ಮ ಗೋಡೆ ಹಿಡಿದುಕೊಂಡು ಬಂದು ಎದುರಿಗೆ ಕೂತಳು.

"ಅಸಲಿ ಪುಡಿ ಎಲ್ಲಿ ಹೋಗ್ತೈತಿ?"

ಉಮಾಪತಿ ಹೆಂಡತಿಯ ಮುಖ ನೋಡಿದ. ಅಲ್ಲಿ ಎಲ್ಲ ಬರೆದಿತ್ತು.

"ಹೊಸಪೇಟ್ಯಾಗ ಒಬ್ಬ ಗುತ್ತಿಗೆದಾರ ತಗೋತಾನ. ಅವನ ಆಳು ಮಂದಿಗೂ ಜ್ವರಾನ ಐತಿ ಯವ್ವಾ. ಅವರೂ ಮನಷ್ಯಾರನ."

"ಮತ್ತ ಕಹಿ ಹೆಂಗ ಇರ್ತಿತ್ತು?"

"ಕಹಿ ಇರಲಿ ಅಂತ ಚಿಟಿಕಿ ಅಸಲಿದು ಬಿಡ್ತಿದ್ದೆ."

"ಭಾಳ ಶಾಣ್ಯಾ ಅದೀ. ನನಗ ಕುಡಿಸಿದ್ದು?"

"ಅದು... ಮನಿ ಮಂದಿಗೆ ಅಂತ ಬ್ಯಾರೆ ಸೀಸೆದಾಗ ಇಟ್ಟಿದ್ದು."

"ಮನಿ ಮಂದಿಗೆ ಅಂತ" ಎಂದಳು ಕಳಕಮ್ಮ.

ಉಮಾಪತಿಗೆ ರೇಗಿತು. ಸಿಕ್ಕಿಬಿದ್ದವರಿಗೆ ಸಿಟ್ಟು ಬೇಗ ಬರುತ್ತದೆ. "ಮತ್ತೇನ ಮಾಡಬೇಕಿತ್ತು? ಅಂಗಡಿ ಬಾಗಲಾ ಹಾಕಿ ಕೂಲಿಗೆ ಹೋಗಲೇನ? ನಿನ್ನ ಹೆಸರು ಊರಾಗ ಮೆರೀಲಿ ಅಂತ ನಾ ಹೊಳಿ ದಾಟಬೇಕು, ಹೊಳಿದಂಡಿ ನಾಕಾದ ಪೊಲೀಸರಿಗೆ ಕೈ ಮುಗೀಬೇಕು. ಕಳಕವ್ವನ ಪುಡಿ, ಕಳಕವ್ವನ ಪುಡಿ! ಈ ಮನಿ ಹೊಟ್ಟಿ ಯಾರು ತುಂಬಸೂದು? ನೀ ಉಂಡ ತುಪ್ಪ ಎಲ್ಲಿಂದ ಬಂತು ಅಂತ ಮಾಡಿದಿ?"

"ಹತ್ತಿಕಾಳಿನ ದಲಾಲಿ ಅಂದಿದ್ದೆಲ್ಲೋ."

ಅವನು ಮುರಿದ ರೊಟ್ಟಿಯನ್ನು ತಾಟಿಗೆ ಹಾಕಿದ.

ಕಳಕಮ್ಮ ಗಂಡನ ಕಡೆಗೆ ತಿರುಗಿದಳು. "ನಿಮಗೂ ಗೊತ್ತಿತ್ತು."

"ಆಮ್ಯಾಲ ಗೊತ್ತಾತು" ಎಂದ ಈಶಪ್ಪ, ತಾಟು ನೋಡುತ್ತ.

"ಅವತ್ತು ಅಂಗಳದಾಗ ಗೊತ್ತಿತ್ತಿಲ್ಲೋ?"

ಈಶಪ್ಪ ತಾಟನ್ನು ಅತ್ತ ಸರಿಸಿದ.

"ಮಗ ಕಳವು ಮಾಡಿದಾ, ಮಾಡಲಿ. ಹೊಟ್ಟಿ ಸಂಕಟ ಅಂತ ತಿಳಕೋತೀನಿ. ಆದ್ರ ನಾ ಲಿಂಗಾ ಕೈಯಾಗ ಹಿಡದಾಗ ನೀವು ಮೂರೂ ಮಂದಿ ಅಲ್ಲೇ ಇದ್ರಿ. ತಡಿ ಅಂತ ಒಂದು ಮಾತು, ಒಂದೇ ಒಂದು ಮಾತು, ಯಾರ ಬಾಯಾಗೂ ಬರಲಿಲ್ಲಲ್ರೋ! ನಲವತ್ತು ವರ್ಷ ನಿಮಗ ರೊಟ್ಟಿ ಬಡದು ಹಾಕೀನಿ. ನನ್ನ ಬಾಯಿಲೆ ಸುಳ್ಳ ಆಣಿ ಮಾಡಿಸಿ ನಿಂತು ನೋಡಿದ್ರಿ. ಕೆಮ್ಮಿದ್ರಿ!"

"ಅಷ್ಟು ಮಂದಿ ಮುಂದ ಹೆಂಗ ಹೇಳೂದು? ಮನಿ ಮರ್ಯಾದಿ..."

"ಆ ಕೂಸು ಗ್ಯಾನಪ್ಪನ ಹೆಗಲ ಮ್ಯಾಲ ಇತ್ತು. ಡೇರೆಕ್ಕ ಹೊಂಟಿತ್ತು. ನಾ ತಿರುಗಿ ಕಳಿಸಿದೆ. ನಿಮ್ಮ ಮರ್ಯಾದಿಗೆ ನಾ ತಿರುಗಿ ಕಳಿಸಿದೆ."

ಪಂಪಮ್ಮ ಗೋಳೋ ಎಂದು ಅತ್ತಳು. ಯಾರೂ ಅವಳನ್ನು ಸುಮ್ಮನಿರಿಸಲಿಲ್ಲ. ಕಳಕಮ್ಮನಿಗೆ ಮಗನನ್ನು ಹೊಡೆಯಬೇಕೆನಿಸಿತು, ಕೈಯಲ್ಲಿ ಬಲವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ತನ್ನ ಮೈಯಿಂದ ಜ್ವರ ಇಳಿಸಿದ್ದು ಬೇರೆಯವರ ಪಾಲಿನ ಔಷಧವಲ್ಲವೇ?

"ಆ ಸೀಸೆ ತಾ" ಎಂದಳು ಸೊಸೆಗೆ.

ಉಮಾಪತಿ ಅಡ್ಡ ಬಂದ. "ಯವ್ವಾ, ಇನ್ನೂ ನಿನಗ ಪೂರಾ ಜ್ವರಾ ಬಿಟ್ಟಿಲ್ಲ. ಅದು ಮು‌ಗದ್ರ ಮತ್ತ ಸಿಗಂಗಿಲ್ಲ."

"ಸರಿ ಅತ್ತಾಗ."

ಅವನು ಸರಿದ.

ಹುಲಗೆಮ್ಮನ ಗುಡಿಸಲು ಕೇರಿಯ ಕೊನೆಗಿತ್ತು. ಎರಡು ಕಡೆ ಕೂತು, ಸುಧಾರಿಸಿಕೊಂಡು ಕಳಕಮ್ಮ ಅಲ್ಲಿಗೆ ಮುಟ್ಟಿದಳು. ಹುಲಗೆಮ್ಮ ಗೋಣಿತಟ್ಟಿನ ಮೇಲೆ ಮಲಗಿದ್ದಳು; ಬದುಕಿದ್ದಾಳೆಂದು ತಿಳಿಯಲು ಎರಡು ಸಲ ನೋಡಬೇಕಿತ್ತು. ದಾರಿಯುದ್ದಕ್ಕೂ ಎಲ್ಲ ಹೇಳಿಬಿಡಬೇಕೆಂದು ಬಂದವಳಿಗೆ ಆ ಮುಖ ನೋಡಿ ಬಾಯಿ ಬರಲಿಲ್ಲ. "ಹೊಸಾ ಔಷಧ ಬಂದೈತಿ, ಕುಡಿ" ಎಂದಷ್ಟೇ ಹೇಳಿ, ತಾನೇ ಕುಡಿಸಿ, ಗ್ಯಾನಪ್ಪನ ಕೈಗೆ ಎರಡು ಪುಡಿಕೆ ಕೊಟ್ಟು ಬಂದಳು.

ಆ ದಿನ ಮನೆಯಲ್ಲಿ ಅವಳು ಉಣ್ಣಲಿಲ್ಲ. ಈಶಪ್ಪ ಬಂದು, "ಒಂದು ತುತ್ತರ ಉಣ್ಣು" ಎಂದ. ಅವಳು ಎದ್ದು ಅಂಗಳಕ್ಕೆ ಹೋದಳು. ಕೊರಳಿಗೆ ಕೈ ಹೋದಾಗಲೆಲ್ಲ ಕರಡಿಗೆ ಹಗುರಾಯಿತೋ ಭಾರವಾಯಿತೋ ತಿಳಿಯದ ಹಾಗೆ ಆಗುತ್ತಿತ್ತು.

ಮರುದಿನ ಸೀಸೆ ಹಿಡಿದುಕೊಂಡು ಮತ್ತೆ ಕೇರಿಗೆ ಹೋದಳು. ಗ್ಯಾನಪ್ಪ ಬಾಗಿಲಲ್ಲೇ ಕೂತಿದ್ದ. ಅವನ ಕೈಯಲ್ಲಿ ನಿನ್ನೆಯ ಪುಡಿಕೆಗಳು ಬಿಚ್ಚದೆ ಹಾಗೇ ಇದ್ದವು.

"ಬ್ಯಾಡ ಅಂತಾಳ್ರಿ ಅವ್ವಾರ. ಎಷ್ಟು ಹೇಳಿದ್ರೂ ಬಾಯಿ ತಗೀವಲ್ಲಳು."

"ಯಾಕ?"

ಒಳಗಿಂದ ಹುಲಗೆಮ್ಮನೇ ಹೇಳಿದಳು, ಸಣ್ಣ ದನಿಯಲ್ಲಿ. "ಕಿವಿ ಗುಂಯ್ ಅಂತಾವ್ರಿ ಅವ್ವಾರ. ಇದು ಹೊಂದವಲ್ದು. ಯಾರೋ ಖೋಟಾ ಮಾಲು ಕೊಟ್ಟಾರ ನಿಮಗ. ಆ ಹಳೇ ಪುಡಿನ ಛಲೋ ಇತ್ತು. ಅದನ್ನ ಕೊಡ್ರಿ."

ಕಳಕಮ್ಮ ಅವಳ ಪಕ್ಕ ಕೂತಳು. "ಹಂಗಲ್ಲವಾ. ಇದು ಭಾಳ ಛಲೋದು. ಕಿವಿ ಗುಂಯ್ ಅನ್ನಬೇಕು. ಅಂದ್ರನ ಜ್ವರಾ ಹೋಗ್ತೈತಿ."

"ಅನ್ನಬಾರದು ಅಂತ ನೀವ ಅಂದಿದ್ರಿ."

"ನನಗ ತಿಳೀದ ಅಂದಿದ್ದೆ. ಕುಡಿ ನನ್ನವ್ವ, ಕುಡಿ. ಹಟಾ ಮಾಡಬ್ಯಾಡ."

"ಆ ಪುಡಿಗೆ ಲಿಂಗಾ ಹಿಡದು ಖರೇ ಅಂದಿದ್ರಿ." ಹುಲಗೆಮ್ಮ ಕಣ್ಣು ತೆರೆದು ನೋಡಿದಳು. ಆ ಕಣ್ಣಲ್ಲಿ ಜಗಳವಿರಲಿಲ್ಲ, ಚೌಕಾಸಿಯಿರಲಿಲ್ಲ. "ಇದಕ್ಕೂ ಹಿಡದು ಹೇಳ್ರಿ. ಕುಡೀತೀನಿ."

ಕಳಕಮ್ಮನ ಕೈ ಕೊರಳವರೆಗೆ ಹೋಯಿತು. ಅಲ್ಲೇ ನಿಂತಿತು. ಈ ಸಲ ಆಣೆ ಖರೆಯದೇ ಆಗುತ್ತಿತ್ತು, ಆದರೆ ಒಮ್ಮೆ ಸುಳ್ಳಾಣೆಗೆ ಹಿಡಿದ ಲಿಂಗವನ್ನು ಇವಳ ಮುಂದೆ ಮತ್ತೆ ಎತ್ತಲು ಅವಳಿಂದಾಗಲಿಲ್ಲ. ಕೈ ಕೆಳಗಿಳಿಯಿತು.

"ಆ ಆಣಿ ಸುಳ್ಳು ಹುಲಗೆವ್ವ."

ಗ್ಯಾನಪ್ಪ ಬಾಗಿಲಿನಿಂದ ಎದ್ದು ಒಳಗೆ ಬಂದ.

"ನನಗ ಗೊತ್ತಿದ್ದಿಲ್ಲ. ನನ್ನ ಮಗ ಅಸಲಿ ಪುಡಿ ಮಾರಕೊಂಡು, ಅಕ್ಕಿಹಿಟ್ಟು ಕೂಡಿಸಿ ನನ್ನ ಕೈಗೆ ಕೊಟ್ಟಾನ. ನನ್ನ ಸೊಸಿ ಕೂಡಿಸ್ಯಾಳ. ನನ್ನ ಗಂಡಗ ಗೊತ್ತಿತ್ತು. ಯುಗಾದಿಯಿಂದ ನೀ ಕುಡದದ್ದು ಅಕ್ಕಿಹಿಟ್ಟು. ಇದು ಅಸಲಿದು. ನಾನೂ ಇದನ್ನ ಕುಡದು ಬದುಕೀನಿ."

ಹೊರಗೆ ಯಾರದೋ ಆಡು ಒದರುತ್ತಿತ್ತು. ಹುಲಗೆಮ್ಮ ಮೊಣಕೈ ಊರಿ ಎದ್ದು ಕೂರಲು ನೋಡಿದಳು, ಆಗಲಿಲ್ಲ. ಗ್ಯಾನಪ್ಪ ಬೆನ್ನಿಗೆ ಕೈ ಕೊಟ್ಟು ಕೂರಿಸಿದ. ಅವಳು ಕಳಕಮ್ಮನ ಮುಖ ನೋಡಿದಳು.

"ಹಂಗಾರ ಮಾರೆವ್ವಗ ನಾ ಪಾಲು ಮಾಡಿ ಕುಡಿಸಿದ್ದು?"

"ಅದೂ" ಎಂದಳು ಕಳಕಮ್ಮ. "ಅದೂ ಅಕ್ಕಿಹಿಟ್ಟ."

"ಅದು ಕಹಿ ಅಂತ ಅಳತಿತ್ರಿ. ಬಾಯಿ ಒತ್ತಿ ಹಿಡದು ಕುಡಸತಿದ್ದೆ. ಅವ್ವಾರು ಕೊಟ್ಟಾರ ನುಂಗು ಅಂತ ಹೊಡದೀನಿ ಒಂದಿನ."

ಕಳಕಮ್ಮ ಅವಳ ಕಾಲು ಹಿಡಿಯಲು ಬಾಗಿದಳು. ಹುಲಗೆಮ್ಮ ಕಾಲು ಎಳೆದುಕೊಂಡಳು. ಗಂಡನ ಕಡೆಗೆ ಕೈ ಚಾಚಿದಳು. ಅವನು ಪುಡಿಕೆ ಬಿಚ್ಚಿ, ನೀರಿನಲ್ಲಿ ಕದಡಿ ಕೊಟ್ಟ. ಅವಳು ಒಂದೇ ಗುಟುಕಿಗೆ ಕುಡಿದಳು, ಮುಖ ಕಿವುಚಲೂ ಇಲ್ಲ. ಗೋಡೆಯ ಕಡೆಗೆ ಹೊರಳಿ ಮಲಗಿದಳು.

"ಹುಲಗೆವ್ವ, ನಾ ದಿನಾ ಬಂದು ನಾನ ಕುಡಸ್ತೀನಿ. ನಿನಗ ಆರಾಮ ಆಗೂತನಾ..."

"ಬ್ಯಾಡ್ರಿ" ಎಂದಳು ಹುಲಗೆಮ್ಮ, ತಿರುಗಿ ನೋಡದೆ. "ಸೀಸೆ ಇಟ್ಟು ಹೋಗ್ರಿ."

ಕಳಕಮ್ಮ ಸೀಸೆಯನ್ನು ಗೋಣಿತಟ್ಟಿನ ಪಕ್ಕ ಇಟ್ಟಳು. ಎದ್ದು ನಿಲ್ಲಲು ಗೋಡೆ ಹಿಡಿದುಕೊಳ್ಳಬೇಕಾಯಿತು. ಗ್ಯಾನಪ್ಪ ದಾರಿ ಬಿಟ್ಟು ಪಕ್ಕಕ್ಕೆ ಸರಿದ, ಕೈ ಮಾತ್ರ ಕೊಡಲಿಲ್ಲ.